"ಹಿಂಸೆ ಕೊಡೋರಿಗಾಗಿ ಪ್ರಾರ್ಥಿಸಿ" ಅಂದ್ರೆ ಅನ್ಯಾಯ ಸಹಿಸ್ಕೊಂಡು ಸುಮ್ನಿರಿ ಅಂತಾನಾ?

ಇಲ್ಲ, ಹಾಗಲ್ಲ. ಬೈಬಲಿನ ಮತ್ತಾಯ 5:44ರಲ್ಲಿ ಯೇಸು ಈ ಮಾತು ಹೇಳಿದ್ದು ರೋಮನ್ನರ ಕೈಕೆಳಗೆ ಇದ್ದ ಜನಕ್ಕೆ, ಸಿಪಾಯಿ ಬಂದು ಈ ಮೂಟೆ ಹೊರು ಅಂದ್ರೆ ಹೊರಲೇಬೇಕಿದ್ದ ಜನಕ್ಕೆ. ಅದೇ ಯೇಸು, ವಿಚಾರಣೆ ಟೈಮಲ್ಲಿ ಒಬ್ಬ ಕೆನ್ನೆಗೆ ಹೊಡೆದಾಗ, ನಾನು ಸರಿಯಾಗೇ ಹೇಳಿದ್ರೆ ಯಾಕೆ ಹೊಡೀತೀಯ ಅಂತ ನೇರವಾಗಿ ಕೇಳ್ತಾರೆ (ಯೋಹಾನ 18:23). ಶತ್ರುವನ್ನ ಪ್ರೀತಿಸೋದು ಬೇರೆ, ಅವನು ಮಾಡಿದ್ದು ಸರಿ ಅನ್ನೋದು ಬೇರೆ.

ನಂಗೆ ಇದು ಅರ್ಥ ಆಗಿದ್ದು ಗ್ಲಾಡಿಸ್ ಸ್ಟೇನ್ಸ್ ಅವರಿಂದ. ಗಂಡ ಗ್ರಹಾಂ ಜೊತೆ ಒಡಿಶಾದ ಬಾರಿಪದಾದಲ್ಲಿ ಕುಷ್ಠರೋಗಿಗಳ ಸೇವೆ ಮಾಡ್ತಿದ್ದ ಆಸ್ಟ್ರೇಲಿಯಾದ ಮಿಷನರಿ ಅವರು. 1999ರ ಜನವರಿ, ಒಡಿಶಾದ ಮನೋಹರಪುರ, ಚಳಿ ರಾತ್ರಿ, ಗ್ರಹಾಂ ಇಬ್ಬರು ಗಂಡುಮಕ್ಕಳ ಜೊತೆ ಗಾಡಿಯೊಳಗೆ ಮಲಗಿದ್ರು, ಗುಂಪೊಂದು ಬಂದು ಗಾಡಿಗೆ ಬೆಂಕಿ ಇಟ್ಟು ಮೂವರನ್ನೂ ಜೀವಂತ ಸುಟ್ಟುಹಾಕ್ತು. ಫಿಲಿಪ್‌ಗೆ 10 ವರ್ಷ, ತಿಮೊಥಿಗೆ ಬರೀ 6. ಬರೆಯೋಕೂ ಕೈ ಬರಲ್ಲ.

ಆ ತಾಯಿ ಕೊಂದವರನ್ನ ಕ್ಷಮಿಸಿದ್ದೀನಿ ಅಂದ್ರು, ಆದ್ರೆ ಕೇಸು ಬಿಟ್ಬಿಡಿ ಅನ್ನಲಿಲ್ಲ. ಕ್ಷಮೆ ನನ್ನ ಮನಸ್ಸಿಂದು, ಶಿಕ್ಷೆ ಕಾನೂನಿನ ಕೆಲಸ, ಎರಡನ್ನೂ ಬೆರೆಸಬೇಡಿ ಅನ್ನೋ ನಿಲುವು ಅವರದ್ದು. ಮುಖ್ಯ ಅಪರಾಧಿಗೆ ಕೊನೆಗೆ ಸುಪ್ರೀಂ ಕೋರ್ಟಲ್ಲೂ ಜೀವಾವಧಿ ಖಾಯಂ ಆಯ್ತು.

ಪ್ರಾರ್ಥನೆ ಮಾಡೋದು ಅಂದ್ರೆ ಸಿಟ್ಟು ಬಂದಿಲ್ಲ ಅಂತ ನಟಿಸೋದೂ ಅಲ್ಲ, ಬೈಬಲಿನ ಕೀರ್ತನೆಗಳಲ್ಲಿ ದೇವರ ಮುಂದೆ ಕಿರುಚಾಡಿ ಅತ್ತವರು ಎಷ್ಟೊಂದು ಜನ ಇದ್ದಾರೆ ನೋಡಿ. ಆ ಸಿಟ್ಟನ್ನ ದೇವರ ಕೈಗೆ ಕೊಟ್ಟು, ಇವನೂ ಬದಲಾಗ್ಲಿ ಅಂತ ಕೇಳೋದು, ಅಷ್ಟೇ. ಗ್ಲಾಡಿಸ್ ತಕ್ಷಣ ಆಸ್ಟ್ರೇಲಿಯಾಗೆ ವಾಪಸ್ ಹೋಗಲಿಲ್ಲ, ಮಗಳ ಜೊತೆ ಇನ್ನೂ ಕೆಲವು ವರ್ಷ ಬಾರಿಪದಾದಲ್ಲೇ ಉಳಿದು ಕುಷ್ಠರೋಗಿಗಳ ಸೇವೆ ಮುಂದುವರಿಸಿದ್ರು.