ಹಳೆಯ ಜಿಎಂಸಿ ಮೋಟಾರ್‌ಹೋಮ್: ಏರ್ ಕಂಪ್ರೆಸರ್ ಬದಲಿಸುವ ಮೊದಲು ಲೀಕ್ ಹುಡುಕಿ

ನೀವು ಕೇಳಿರುವುದು ಇಷ್ಟು. ನಿಮ್ಮದು 1976ರ 26 ಅಡಿಯ ಜಿಎಂಸಿ ಮೋಟಾರ್‌ಹೋಮ್, ಅಂದರೆ ಒಳಗೇ ಇರಲು ಮನೆಯಂತೆ ಮಾಡಿದ ಅಮೆರಿಕದ ಗಾಡಿ. ಓಡಿಸುವಾಗ ಏರ್ ಸಸ್ಪೆನ್ಷನ್ನಿನ ಕಂಪ್ರೆಸರ್ ಮತ್ತೆ ಮತ್ತೆ ಶುರುವಾಗುತ್ತದೆ. ರಾತ್ರಿ ನಿಲ್ಲಿಸಿದರೆ ಬೆಳಗಾಗುವಷ್ಟರಲ್ಲಿ ಹಿಂದಿನ ಎಡಭಾಗ ಕುಸಿದಿರುತ್ತದೆ. ಕಂಪ್ರೆಸರ್ ಬದಲಿಸಬೇಕಾ, ಬದಲಿಸುವುದಾದರೆ ಎಂಥದ್ದು ಹಾಕಬೇಕು?

ನನ್ನ ಹತ್ತಿರವೂ ಇದೇ ಗಾಡಿ ಇದೆ. ಅದರ ಹಿಂಭಾಗದ ಗಾಳಿ ವ್ಯವಸ್ಥೆಯ ಕೆಲಸವನ್ನೆಲ್ಲ ನಾನೇ ಮಾಡಿಕೊಳ್ಳುತ್ತೇನೆ. ಹಾಗಾಗಿ ನೇರವಾಗಿ ಹೇಳುತ್ತೇನೆ: ಸದ್ಯಕ್ಕೆ ಕಂಪ್ರೆಸರ್ ಕೊಳ್ಳಬೇಡಿ. ನೀವು ಹೇಳಿದ ಲಕ್ಷಣದಲ್ಲೇ ಅರ್ಧ ಉತ್ತರ ಇದೆ. ಎಡಭಾಗ ಮಾತ್ರ ಕುಸಿಯುತ್ತಿದೆ, ಬಲಭಾಗ ನಿಂತಿದೆ. ಎರಡೂ ಕಡೆಗೆ ಗಾಳಿ ಕೊಡುವ ಕಂಪ್ರೆಸರ್ ಒಂದೇ ಆಗಿದ್ದರೆ, ಒಂದೇ ಕಡೆ ಇಳಿಯುವುದಕ್ಕೆ ಅದು ಕಾರಣ ಆಗಲಾರದು. ಮೇಲಿನ ಟ್ಯಾಂಕಿನ ನಲ್ಲಿ ಸೋರುತ್ತಿರುವಾಗ ಕೆಳಗಿನ ಮೋಟರ್ ಬದಲಿಸಿದ ಹಾಗಾಗುತ್ತದೆ ಅಷ್ಟೇ.

ಈ ಗಾಡಿಯಲ್ಲಿ ಗಾಳಿ ಯಾಕೆ ಬೇಕು ಅನ್ನುವುದು ಗೊತ್ತಿದ್ದರೆ ಮುಂದಿನದು ಸುಲಭ. 1973ರಿಂದ 1978ರವರೆಗೆ ಬಂದ ಜಿಎಂಸಿಯಲ್ಲಿ ಎಂಜಿನ್ ಎಳೆಯುವುದು ಮುಂದಿನ ಚಕ್ರಗಳನ್ನು. ಹಿಂದೆ ಅಡ್ಡಲಾಗಿ ಆಕ್ಸಲ್ ಇಲ್ಲ. ಅದಕ್ಕೇ ಅದರ ನೆಲ ಅಷ್ಟು ಕೆಳಗಿದೆ. ಮುಂದೆ ಭಾರ ಹೊರುವುದು ಟಾರ್ಷನ್ ಬಾರ್, ಅಂದರೆ ತಿರುಚಿಕೊಂಡು ಸ್ಪ್ರಿಂಗಿನ ಕೆಲಸ ಮಾಡುವ ಉಕ್ಕಿನ ಸರಳು. ಹಿಂದೆ ಪ್ರತಿ ಕಡೆ ಎರಡು ಚಕ್ರ, ಒಂದರ ಹಿಂದೆ ಇನ್ನೊಂದು. ಆ ಎರಡರ ತೋಳುಗಳ ನಡುವೆ ಮಲಗಿಸಿದ ಹಾಗೆ ಒಂದು ಏರ್ ಬ್ಯಾಗ್. ಆ ಕಡೆಯ ಇಡೀ ಭಾರ ಆ ಒಂದು ಬ್ಯಾಗಿನ ಮೇಲೆ. ಕಂಪ್ರೆಸರ್ ಆ ಭಾರವನ್ನು ಸದಾ ಎತ್ತಿ ಹಿಡಿಯುವುದಿಲ್ಲ. ಕಡಿಮೆಯಾದ ಗಾಳಿಯನ್ನು ತುಂಬಿಸುತ್ತದೆ ಅಷ್ಟೇ. ಲೀಕ್ ಇಲ್ಲದ ಗಾಡಿ ದಿನಗಟ್ಟಲೆ ಸುಮ್ನೆ ನಿಂತಿದ್ದರೂ ಎತ್ತರ ಬಿಟ್ಟುಕೊಡಬಾರದು.

ಕೆಳಗೆ ನುಗ್ಗುವ ಮೊದಲು ಒಂದು ಮಾತು. ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಗಾಳಿಯ ಮೇಲೆ ನಿಂತ ಗಾಡಿಯ ಅಡಿಗೆ ಯಾವತ್ತೂ ಹೋಗಬಾರದು. ಒಂದು ಫಿಟ್ಟಿಂಗ್ ಬಿಚ್ಚಿದರೆ, ಒಂದು ಹಳೆ ಪೈಪ್ ಕೈಯಲ್ಲೇ ಮುರಿದರೆ, ಹಿಂಭಾಗ ಎಚ್ಚರಿಕೆ ಕೊಡದೆ ಕೆಳಗೆ ಬರುತ್ತದೆ. ಜಾಕಿನ ಮೇಲೂ ನಂಬಿಕೆ ಇಡಬೇಡಿ. ಗಟ್ಟಿ ನೆಲದಲ್ಲಿ ನಿಲ್ಲಿಸಿ, ಮುಂದಿನ ಚಕ್ರಗಳಿಗೆ ಅಡ್ಡ ಕೊಟ್ಟು, ಫ್ರೇಮಿನ ಕೆಳಗೆ ಎರಡೂ ಕಡೆ ಭಾರಕ್ಕೆ ತಕ್ಕ ಸ್ಟ್ಯಾಂಡ್ ಇಡಿ. ಗಾಡಿ ಅದರ ಮೇಲೆ ಕೂತಿದೆ ಅಂತ ಕಣ್ಣಾರೆ ನೋಡಿದ ಮೇಲೆ ಕೆಳಗೆ ಹೋಗಿ. ಫಿಟ್ಟಿಂಗ್ ಬಿಚ್ಚುವ ಮುಂಚೆ ಕಂಪ್ರೆಸರ್ ಗಾಳಿ ತುಂಬಿಸಿಡುವ ಟ್ಯಾಂಕ್ ಮತ್ತು ಬ್ಯಾಗ್ ಎರಡರ ಗಾಳಿಯನ್ನೂ ಪೂರ್ತಿ ಬಿಡಿ.

ಇನ್ನು ಲೀಕ್ ಹುಡುಕುವುದು. ಸಂಜೆ ಗಾಡಿಯನ್ನು ಸರಿಯಾದ ಎತ್ತರಕ್ಕೆ ತಂದು ನಿಲ್ಲಿಸಿ. ಎರಡೂ ಕಡೆ ಫ್ರೇಮಿನ ಒಂದು ಗುರುತಿನಿಂದ ನೆಲಕ್ಕೆ ಎಷ್ಟಿದೆ ಅಳೆದು ಬರೆದಿಡಿ. ಟ್ಯಾಂಕಿಗೆ ಗೇಜ್ ಇದ್ದರೆ ಅದನ್ನೂ ಬರೆಯಿರಿ. ಬೆಳಿಗ್ಗೆ ಮತ್ತೆ ಅಳೆಯಿರಿ. ಟ್ಯಾಂಕಿನ ಪ್ರೆಶರ್ ಬಿದ್ದು ಎರಡೂ ಬ್ಯಾಗ್ ನಿಂತಿದ್ದರೆ ಲೀಕ್ ಇರುವುದು ಕಂಪ್ರೆಸರ್, ಚೆಕ್ ವಾಲ್ವ್ (ಗಾಳಿ ವಾಪಸ್ ಬರದಂತೆ ತಡೆಯುವುದು), ಟ್ಯಾಂಕ್, ಪ್ರೆಶರ್ ಸ್ವಿಚ್ (ಪ್ರೆಶರ್ ನೋಡಿ ಮೋಟರ್ ಹಚ್ಚಿ ಆರಿಸುವುದು) ಇವುಗಳ ಸುತ್ತ. ನಿಮ್ಮ ಹಾಗೆ ಒಂದೇ ಕಡೆ ಇಳಿದಿದ್ದರೆ ಆ ಕಡೆಯ ಹೈಟ್ ವಾಲ್ವ್ (ಗಾಡಿಯ ಎತ್ತರಕ್ಕೆ ತಕ್ಕಂತೆ ಬ್ಯಾಗಿಗೆ ಗಾಳಿ ಬಿಡುವ, ತೆಗೆಯುವ ವಾಲ್ವ್), ಪೈಪ್ ಅಥವಾ ಬ್ಯಾಗ್. ಎಲ್ಲ ವರ್ಷದ ಗಾಡಿಗೂ ಎತ್ತರ ಹೊಂದಿಸುವ ವ್ಯವಸ್ಥೆ ಒಂದೇ ಥರ ಇಲ್ಲ, ಆದ್ದರಿಂದ ನಿಮ್ಮ ವರ್ಷದ ಸರ್ವಿಸ್ ಮ್ಯಾನ್ಯುಯಲ್‌ನಲ್ಲಿ ಪೈಪುಗಳ ಚಿತ್ರ ಇಟ್ಟುಕೊಂಡೇ ಕೂರಿ.

ಇಲ್ಲಿ ಒಂದು ವಿಷಯ ಬಹಳ ಜನರನ್ನು ದಾರಿ ತಪ್ಪಿಸುತ್ತದೆ. ರಾತ್ರಿ ಚಳಿಯಾದರೆ ಲೀಕ್ ಇಲ್ಲದಿದ್ದರೂ ಗೇಜ್ ಇಳಿಯುತ್ತದೆ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ 100 ಪಿಎಸ್‌ಐ ಇದ್ದ ಟ್ಯಾಂಕ್ 10 ಡಿಗ್ರಿಗೆ ಬಂದಾಗ ಸುಮಾರು 92 ತೋರಿಸುತ್ತದೆ. ಗಾಳಿ ಎಲ್ಲೂ ಹೋಗಿಲ್ಲ, ತಣ್ಣಗಾಗಿದೆ ಅಷ್ಟೇ. ಆದರೆ ಒಂದು ಕಡೆ ಪೂರ್ತಿ ಕೂತುಬಿಡುವುದಕ್ಕೆ ಚಳಿ ನೆಪ ಅಲ್ಲ.

ಕಡೆ ಯಾವುದು ಅಂತ ಗೊತ್ತಾದ ಮೇಲೆ ಸೋಪಿನ ನೀರು. ಅಮೋನಿಯಾ ಇರುವ ಕ್ಲೀನರ್ ಬೇಡ, ಅದು ಹಿತ್ತಾಳೆ ಫಿಟ್ಟಿಂಗಿನಲ್ಲಿ ಬಿರುಕು ತರುತ್ತದೆ. ಬ್ರಷ್‌ನಿಂದ ಪ್ರತಿ ಜಾಯಿಂಟಿಗೂ ಹಚ್ಚಿ, ಅವಸರ ಮಾಡದೆ ನೋಡಿ. ದೊಡ್ಡ ಲೀಕ್ ತಕ್ಷಣ ಗುಳ್ಳೆ ಎಬ್ಬಿಸುತ್ತದೆ. ರಾತ್ರಿಯಿಡೀ ಕುಸಿಸುವ ಸಣ್ಣ ಲೀಕ್ ನಿಧಾನಕ್ಕೆ ಬಿಳಿ ನೊರೆ ಕಟ್ಟುತ್ತದೆ, ಒಂದೆರಡು ನಿಮಿಷ ಕಾಯಬೇಕು. ಹೈಟ್ ವಾಲ್ವ್‌ನಲ್ಲಿ ಗಾಳಿ ಹೊರಬಿಡುವ ಒಂದು ತೂತು ಇರುತ್ತದೆ. ಗಾಡಿ ಅಲುಗಾಡದೆ ನಿಂತಿರುವಾಗ ಅಲ್ಲಿ ಗುಳ್ಳೆ ಬಂದರೆ ವಾಲ್ವ್ ಒಳಗೆ ಸರಿಯಾಗಿ ಮುಚ್ಚುತ್ತಿಲ್ಲ. ನನ್ನ ಅನುಭವದಲ್ಲಿ ಮೊದಲು ನೋಡಬೇಕಾದ ಜಾಗ ಇದು. ಆಮೇಲೆ ಬ್ಯಾಗ್. ರಬ್ಬರಿನ ಮಡಿಕೆಯಲ್ಲಿ ಸಣ್ಣ ಬಿರುಕುಗಳು, ಒಳಗಿನ ದಾರ ಕಾಣಿಸುವುದು, ಎಲ್ಲಾದರೂ ಉಜ್ಜಿದ ಗುರುತು, ಇವುಗಳಲ್ಲಿ ಯಾವುದಾದರೂ ಇದ್ದರೆ ಯೋಚನೆ ಬೇಡ, ಎರಡೂ ಕಡೆಯ ಬ್ಯಾಗ್ ಒಟ್ಟಿಗೆ ಬದಲಿಸಿ.

ಪೈಪ್ ಹಳೆಯದಾಗಿದ್ದರೆ ತೇಪೆ ಹಾಕುತ್ತಾ ಕೂರಬೇಡಿ. ಲಾರಿಗಳ ಏರ್ ಬ್ರೇಕಿಗೆ ಬಳಸುವ ನೈಲಾನ್ ಪೈಪ್ ತಂದು ಹೊಸದಾಗಿ ಎಳೆಯಿರಿ. ತುದಿ ನೇರವಾಗಿ ಕತ್ತರಿಸುವುದು ಮುಖ್ಯ. ಓರೆಯಾದರೆ ಒತ್ತಿ ಕೂರಿಸುವ ಫಿಟ್ಟಿಂಗಿನ ಓ-ರಿಂಗ್ ಹಿಡಿಯುವುದಿಲ್ಲ. ಇದಕ್ಕೆ ಟ್ಯೂಬ್ ಕಟ್ಟರೇ ಬೇಕು. ಕಟಿಂಗ್ ಪ್ಲೇಯರ್‌ನಲ್ಲಿ ಕತ್ತರಿಸಿದರೆ ಪೈಪ್ ಚಪ್ಪಟೆಯಾಗುತ್ತದೆ. ಥ್ರೆಡ್ಡಿಗೆ ಟೆಫ್ಲಾನ್ ಟೇಪಿಗಿಂತ ಪೇಸ್ಟ್ ಒಳ್ಳೆಯದು, ಯಾಕೆಂದರೆ ಟೇಪಿನ ಚೂರು ಒಳಗೆ ಹೋಗಿ ವಾಲ್ವ್‌ನ ಸೀಟಿನಲ್ಲಿ ಸಿಕ್ಕಿಕೊಳ್ಳುತ್ತದೆ. ಟೇಪೇ ಹಾಕುವುದಾದರೆ ಮೊದಲ ಎರಡು ಥ್ರೆಡ್ ಖಾಲಿ ಬಿಡಿ.

ಲೀಕ್ ಎಲ್ಲ ನಿಂತ ಮೇಲೂ ಕಂಪ್ರೆಸರ್ ಸರಿಯಾಗಿ ತುಂಬಿಸುತ್ತಿಲ್ಲ ಅನ್ನಿ. ಆಗ ಅದನ್ನು ನೋಡುವ ಸರದಿ. ಆದರೂ ನೇರವಾಗಿ ಮೋಟರಿನ ಮೇಲೆ ತಪ್ಪು ಹೊರಿಸಬೇಡಿ. ಈ ಗಾಡಿಗಳಿಗೆ ಹತ್ತಿರ ಹತ್ತಿರ ಐವತ್ತು ವರ್ಷ. ವೈರಿಂಗೂ ಅಷ್ಟೇ ಹಳೆಯದು. ಕಂಪ್ರೆಸರ್ ಓಡುತ್ತಿರುವಾಗಲೇ ಮೀಟರ್ ಹಿಡಿದು ಬ್ಯಾಟರಿಯಲ್ಲಿ ಎಷ್ಟು ವೋಲ್ಟ್, ಕಂಪ್ರೆಸರಿನ ಟರ್ಮಿನಲ್‌ನಲ್ಲಿ ಎಷ್ಟು ವೋಲ್ಟ್ ನೋಡಿ. ಒಂದು ವೋಲ್ಟಿಗಿಂತ ಜಾಸ್ತಿ ವ್ಯತ್ಯಾಸ ಇದ್ದರೆ ತೊಂದರೆ ದಾರಿಯಲ್ಲಿದೆ. ಮೊದಲು ಅರ್ತ್ ನೋಡಿ. ಫ್ರೇಮಿಗೆ ಬಿಗಿದ ಜಾಗ ತುಕ್ಕು ಹಿಡಿದಿರುತ್ತದೆ, ಉಜ್ಜಿ ಲೋಹ ಹೊಳೆಯುವಂತೆ ಮಾಡಿ ಮತ್ತೆ ಬಿಗಿಯಿರಿ. ಇನ್ನೊಂದು, ಪ್ರೆಶರ್ ಸ್ವಿಚ್. ಮೋಟರಿನ ಪೂರ್ತಿ ಕರೆಂಟ್ ಆ ಪುಟ್ಟ ಕಾಂಟ್ಯಾಕ್ಟಿನ ಮೂಲಕ ಹೋಗುತ್ತಿದ್ದರೆ ಅದು ಸುಟ್ಟು ಕಪ್ಪಾಗುತ್ತದೆ. ಸ್ವಿಚ್ಚಿನಿಂದ ರಿಲೇ (ಸಣ್ಣ ಕರೆಂಟಿನಿಂದ ದೊಡ್ಡ ಕರೆಂಟನ್ನು ಹಚ್ಚುವ ಸ್ವಿಚ್), ರಿಲೇಯಿಂದ ಮೋಟರ್ ಅಂತ ಮಾಡಿ, ಬ್ಯಾಟರಿಯ ಹತ್ತಿರವೇ ಫ್ಯೂಸ್ ಹಾಕಿ.

ಚೆಕ್ ವಾಲ್ವ್ ಪರೀಕ್ಷೆ ಸುಲಭ. ಕಂಪ್ರೆಸರ್ ನಿಂತ ಮೇಲೂ ಅದರ ಗಾಳಿ ಎಳೆಯುವ ಬಾಯಿಂದ ಒಂದೇ ಸಮನೆ ಗಾಳಿ ಹೊರಗೆ ಬರುತ್ತಿದ್ದರೆ ಟ್ಯಾಂಕಿನ ಗಾಳಿ ವಾಪಸ್ ಬರುತ್ತಿದೆ ಅಂತ ಅರ್ಥ. ಆಗ ಕಂಪ್ರೆಸರ್ ಪ್ರತಿ ಸಲ ಒತ್ತಡಕ್ಕೆ ಎದುರಾಗಿ ಶುರುವಾಗಬೇಕಾಗುತ್ತದೆ. ಫ್ಯೂಸ್ ಪದೇ ಪದೇ ಹೋಗುವುದಕ್ಕೆ ಇದೂ ಒಂದು ಕಾರಣ. ಚಿಕ್ಕ ವಾಲ್ವ್ ಬದಲಿಸಿದರೆ ಮುಗಿಯುವ ಕೆಲಸ.

ಇಂಥ ಎಲೆಕ್ಟ್ರಿಕ್ ಕಂಪ್ರೆಸರ್‌ಗಳಲ್ಲಿ ಹೆಚ್ಚಿನವು ಎಣ್ಣೆ ಇಲ್ಲದೆ ಓಡುವಂಥವು. ಶಬ್ದ ಬರುತ್ತಿದೆ ಅಂತ ಅದರ ಬಾಯಿಗೆ ಎಣ್ಣೆ ಬಿಡಬೇಡಿ. ಧೂಳು ಅಂಟಿಕೊಂಡು ಒಳಗಿನ ರಬ್ಬರ್, ವಾಲ್ವ್ ಎಲ್ಲ ಹಾಳಾಗುತ್ತವೆ. ಗಾಳಿ ಫಿಲ್ಟರ್ ಮಾತ್ರ ಆಗಾಗ ನೋಡಿ. ನೀರು ಎರಚುವ ಜಾಗದಲ್ಲಿದ್ದರೆ ಒಂದು ಪೈಪಿನಿಂದ ಅದನ್ನು ಒಣ ಜಾಗಕ್ಕೆ ಒಯ್ಯಿರಿ. ಟ್ಯಾಂಕಿನ ಕೆಳಗಿನ ಡ್ರೈನ್ ತಿರುಗಿಸಿ ನೀರು ಬಿಡುವುದನ್ನು ಅಭ್ಯಾಸ ಮಾಡಿಕೊಳ್ಳಿ. ಗಾಳಿ ಒತ್ತಿದಾಗ ತೇವ ನೀರಾಗುತ್ತದೆ, ನೀರು ಟ್ಯಾಂಕನ್ನು ತುಕ್ಕು ಹಿಡಿಸುತ್ತದೆ, ಆ ತುಕ್ಕಿನ ಪುಡಿಯೇ ಹೋಗಿ ಹೈಟ್ ವಾಲ್ವನ್ನು ಕೆಡಿಸುತ್ತದೆ. ಈಗ ನಿಮ್ಮ ಎಡಭಾಗದ ವಾಲ್ವ್ ಲೀಕ್ ಆಗುತ್ತಿದ್ದರೆ ಅದಕ್ಕೆ ಇದೇ ಕಾರಣ ಇರಬಹುದು. ಹಾಗಾಗಿ ವಾಲ್ವ್ ಬದಲಿಸುವ ದಿನವೇ ಟ್ಯಾಂಕಿನಿಂದ ಏನು ಹೊರಬರುತ್ತದೆ ನೋಡಿ. ಕೆಂಪು ನೀರು ಬಂದರೆ ಟ್ಯಾಂಕೂ ಬದಲಿಸಿ. ತುಕ್ಕು ಹಿಡಿದ ಪ್ರೆಶರ್ ಟ್ಯಾಂಕನ್ನು ಉಳಿಸಿಕೊಳ್ಳುವುದು ಅಪಾಯ.

ಕೊನೆಗೂ ಹೊಸ ಕಂಪ್ರೆಸರೇ ಬೇಕು ಅಂತ ಆದರೆ, ಟೈರಿಗೆ ಗಾಳಿ ತುಂಬುವ ಅಗ್ಗದ ಪಂಪು ಬೇಡವೇ ಬೇಡ. ಏರ್ ಸಸ್ಪೆನ್ಷನ್ನಿಗೆ ಅಂತಲೇ ಮಾಡಿದ್ದು ತನ್ನಿ. ಗರಿಷ್ಠ ಪ್ರೆಶರ್ ನೋಡಿ ಮರುಳಾಗಬೇಡಿ, ಡ್ಯೂಟಿ ಸೈಕಲ್ ನೋಡಿ, ಅಂದರೆ ಒಟ್ಟು ಸಮಯದಲ್ಲಿ ಎಷ್ಟು ಪಾಲು ಓಡಬಹುದು ಅನ್ನುವುದು. 100 ಪಿಎಸ್‌ಐನಲ್ಲಿ 33 ಶೇಕಡಾ ಅಂತ ಬರೆದಿದ್ದರೆ ಅರ್ಧ ಗಂಟೆಯಲ್ಲಿ 10 ನಿಮಿಷ ಓಡಬಹುದು, ಉಳಿದ 20 ನಿಮಿಷ ತಣ್ಣಗಾಗಬೇಕು. ಲೀಕ್ ಇಲ್ಲದ ಗಾಡಿಗೆ ಇದು ಧಾರಾಳ ಸಾಕು. ಬಿಸಿಯಾದಾಗ ತಾನೇ ನಿಲ್ಲುವ ಥರ್ಮಲ್ ಕಟ್ಔಟ್ ಇರಲೇಬೇಕು. ಎಷ್ಟು ಆಂಪಿಯರ್ ಎಳೆಯುತ್ತದೆ ಅನ್ನುವುದನ್ನು ನೋಡಿ ವೈರ್ ಮತ್ತು ಫ್ಯೂಸ್ ಆರಿಸಿ, ಹಳೆ ವೈರಿಗೇ ಸೇರಿಸಬೇಡಿ. ಪ್ರೆಶರ್ ಸ್ವಿಚ್ ಆರಿಸುವಾಗ, ಅದು ಮೋಟರನ್ನು ಶುರು ಮಾಡುವ ಪ್ರೆಶರ್ ನಿಮ್ಮ ಬ್ಯಾಗಿಗೆ ಬೇಕಾದ ಪ್ರೆಶರಿಗಿಂತ ಮೇಲಿರಬೇಕು. ಇಲ್ಲದಿದ್ದರೆ ಟ್ಯಾಂಕಿನಲ್ಲಿ ಗಾಳಿ ಇದ್ದೂ ಗಾಡಿ ಎದ್ದೇಳುವುದಿಲ್ಲ. ನೀರು, ಬಟ್ಟೆ, ಸಾಮಾನು ಎಲ್ಲ ತುಂಬಿದಾಗ ಬ್ಯಾಗಿನಲ್ಲಿ ಎಷ್ಟಿದೆ ಅಂತ ಗೇಜಿನಲ್ಲಿ ನೋಡಿ ಆಮೇಲೆ ಸ್ವಿಚ್ ಕೊಳ್ಳಿ.

ಜೋಡಿಸುವಾಗ ಕಂಪ್ರೆಸರಿನ ಹೊರಬಾಯಿಗೆ ಅದರ ಜೊತೆ ಬರುವ ಲೋಹದ ಹೆಣಿಗೆಯ ಪೈಪನ್ನೇ ಹಾಕಿ. ಹೊರಬರುವ ಗಾಳಿ ತುಂಬಾ ಬಿಸಿ ಇರುತ್ತದೆ, ನೈಲಾನ್ ಪೈಪ್ ನೇರವಾಗಿ ಹಾಕಿದರೆ ಮೆತ್ತಗಾಗಿ ಕಿತ್ತುಕೊಂಡು ಬರುತ್ತದೆ. ಕೆಳಗೆ ರಬ್ಬರ್ ಕೂರಿಸಿ ಬಿಗಿದರೆ ಒಳಗೆ ಕೂತವರಿಗೆ ಶಬ್ದವೂ ಕಡಿಮೆ.

ಎಲ್ಲ ಮುಗಿದ ಮೇಲೆ ಹಿಂಭಾಗದ ಎತ್ತರವನ್ನು ಮ್ಯಾನ್ಯುಯಲ್‌ನಲ್ಲಿ ಹೇಳಿದ ಅಳತೆಗೇ ಹೊಂದಿಸಿ, ಕಣ್ಣಂದಾಜು ಬೇಡ. ಹಿಂದೆ ಎತ್ತರ ಜಾಸ್ತಿಯಾದರೆ ಮುಂದಿನ ಚಕ್ರಗಳ ಕ್ಯಾಸ್ಟರ್ (ಚಕ್ರ ತಿರುಗುವ ಅಕ್ಷ ಹಿಂದಕ್ಕೆ ವಾಲಿರುವ ಕೋನ) ಕಡಿಮೆಯಾಗಿ ಗಾಡಿ ನೇರ ರಸ್ತೆಯಲ್ಲೂ ಅತ್ತಿತ್ತ ಎಳೆಯುತ್ತದೆ. ತುಂಬ ಜನ ಇದಕ್ಕೆ ಸ್ಟೀರಿಂಗ್ ಬಾಕ್ಸನ್ನು ದೂರುತ್ತಾರೆ.

ಇದನ್ನು ಓದುವ ಬೇರೆಯವರಿಗೂ ಒಂದು ಮಾತು. ಜಿಎಂಸಿಯ ಬ್ರೇಕ್ ಹೈಡ್ರಾಲಿಕ್, ಅದಕ್ಕೂ ಈ ಗಾಳಿಗೂ ಸಂಬಂಧ ಇಲ್ಲ. ಅದಕ್ಕೇ ಈ ಕೆಲಸ ನಾವೇ ಮಾಡಬಹುದು ಅನ್ನುತ್ತಿದ್ದೇನೆ. ಬಸ್ಸಿನಿಂದ ಮಾಡಿದ ಹಳೆ ಮೋಟಾರ್‌ಹೋಮ್‌ಗಳಲ್ಲಿ ಹೆಚ್ಚಾಗಿ ಎಂಜಿನ್ನಿಗೆ ಜೋಡಿಸಿದ ಕಂಪ್ರೆಸರ್ ಇದ್ದು, ಅದೇ ಗಾಳಿ ಬ್ರೇಕಿಗೂ ಹೋಗುತ್ತದೆ. ಅದನ್ನು ಏರ್ ಬ್ರೇಕ್ ಗೊತ್ತಿರುವ ಮೆಕ್ಯಾನಿಕ್ ಕೈಗೇ ಕೊಡಿ.

ಪೈಪ್ ಹೇಗೂ ಬಿಚ್ಚುತ್ತೀರಲ್ವಾ, ಆಗಲೇ ಎರಡೂ ಬ್ಯಾಗಿನ ಲೈನಿಗೆ ಒಂದೊಂದು ಟೀ (ಮೂರು ಬಾಯಿಯ ಫಿಟ್ಟಿಂಗ್) ಹಾಕಿ ಟೈರಿನ ವಾಲ್ವಿನಂಥ ವಾಲ್ವ್ ಕೂರಿಸಿ. ಜೊತೆಗೆ ಹೈಟ್ ವಾಲ್ವ್ ಕಡೆಗೆ ಮುಚ್ಚುವ ಒಂದು ಚಿಕ್ಕ ಕಾಕ್ (ಕೈಯಿಂದ ತಿರುಗಿಸುವ ನಲ್ಲಿಯಂಥದ್ದು) ಇರಲಿ. ಕಂಪ್ರೆಸರ್ ದಾರಿಯಲ್ಲಿ ಕೈಕೊಟ್ಟರೆ, ಹೈಟ್ ವಾಲ್ವೇ ಗಾಳಿ ಬಿಡತೊಡಗಿದರೂ, ಕಾಕ್ ಮುಚ್ಚಿ ಯಾವ ಪೆಟ್ರೋಲ್ ಬಂಕಿನಲ್ಲಾದರೂ ಹೊರಗಿನಿಂದ ಗಾಳಿ ತುಂಬಿಸಿಕೊಂಡು ನಿಧಾನಕ್ಕೆ ಮನೆ ಸೇರಬಹುದು.