ರೇಡಿಯೋ ಕೆಟ್ಟಲ್ಲಿಂದ ಶುರು ಮಾಡಿ

ನಮಸ್ಕಾರ. ವಿಯೆಟ್ನಾಂನ ಲಾಂಗ್ ಟಾನ್ ಕಾಳಗದಲ್ಲಿ ಹೆಸರು ಮಾಡಿದ ಆಸ್ಟ್ರೇಲಿಯಾದ ಸಿಗ್ನಲರ್ (ರೇಡಿಯೋ ಹೊತ್ತು ಸಂದೇಶ ಮುಟ್ಟಿಸುವ ಸೈನಿಕ) ವಿಲಿಯಂ ಅಕೆಲ್ ಬಗ್ಗೆ ನೀವು ಕಳಿಸಿದ ಲೇಖನವನ್ನು ಎರಡು ಸಲ ಓದಿದೆ. ಈಗಿರುವ ಹಾಗೆ ಹಾಕಲು ಆಗುವುದಿಲ್ಲ. ಬೇಜಾರಾಗಬೇಡಿ, ವಿಷಯ ಚೆನ್ನಾಗಿದೆ, ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಮೊದಲ ಎರಡು ಪುಟ ತೆಗೆದುಬಿಡಿ. ಯುದ್ಧ ಯಾಕೆ ಶುರುವಾಯಿತು, ಅಮೆರಿಕ ಏನು ಮಾಡಿತು, ಆಸ್ಟ್ರೇಲಿಯಾ ಯಾಕೆ ಸೇರಿತು, ಎಲ್ಲ ಹೇಳಿ ಮುಗಿಸುವಷ್ಟರಲ್ಲಿ ಓದುವವರು ಎದ್ದು ಹೋಗಿರುತ್ತಾರೆ. ಅಕೆಲ್ ಬರುವುದೇ ಮೂರನೇ ಪುಟದಲ್ಲಿ, ಅದೂ 'ಕೆಚ್ಚೆದೆಯ ವೀರಪುತ್ರ' ಅಂತ. ಸಾಲದ್ದಕ್ಕೆ 'ಸಿಡಿಲಮರಿ', 'ಗಂಡುಗಲಿ' ಬೇರೆ. ಇಂಥವು ಒಂಬತ್ತು ಸಿಕ್ಕವು. ಅವನು ಹೊತ್ತ ರೇಡಿಯೋ ಬಗ್ಗೆ ಒಂದೇ ಸಾಲು!

ಕತೆ ಇರುವುದೇ ಆ ರೇಡಿಯೋದಲ್ಲಿ ಅಲ್ವಾ? 1966ರ ಆಗಸ್ಟ್ 18. ಆಸ್ಟ್ರೇಲಿಯನ್ನರ ನೂಯಿ ದಾತ್ ನೆಲೆಯಿಂದ ಸುಮಾರು 5 ಕಿಲೋಮೀಟರ್ ದೂರದ ರಬ್ಬರ್ ತೋಟ, ಜಡಿಮಳೆ, 108 ಜನರ ಸೇನಾ ತುಕಡಿ ಡಿ ಕಂಪನಿ. ಅದರೊಳಗಿನ ಸಣ್ಣ ಗುಂಪು, ಮುಂದೆ ಹೋದ 11ನೇ ಪ್ಲಟೂನ್ ಸಿಕ್ಕಿಹಾಕಿಕೊಂಡಿದೆ, ಅವರ ನೆರವಿಗೆ ಹೊರಟ 10ನೇ ಪ್ಲಟೂನಿನ ರೇಡಿಯೋಗೆ ಗುಂಡು ಬಿದ್ದು ಅದು ಸುಮ್ಮನಾಗಿದೆ. ಇಲ್ಲಿ ಸ್ವಲ್ಪ ನಿಲ್ಲಿ. ರೇಡಿಯೋ ಸುಮ್ಮನಾದರೆ ಏನಾಗುತ್ತದೆ ಅಂತ ನೀವು ಹೇಳಿಯೇ ಇಲ್ಲ. ನೂಯಿ ದಾತ್‌ನ ಫಿರಂಗಿಗಳು ಆ ದಿನ 3,000ಕ್ಕೂ ಜಾಸ್ತಿ ಶೆಲ್ ಹಾಕಿದವು, ಎಲ್ಲಿಗೆ ಹಾಕಬೇಕು ಅನ್ನುವುದು ಹೋಗುತ್ತಿದ್ದದ್ದು ರೇಡಿಯೋದಲ್ಲಿ. ತನ್ನ ಒಂದು ಪ್ಲಟೂನ್ ಎಲ್ಲಿದೆ ಅಂತಲೇ ಕಂಪನಿಯ ನಾಯಕ ಮೇಜರ್ ಹ್ಯಾರಿ ಸ್ಮಿತ್‌ಗೆ ಗೊತ್ತಾಗದಿದ್ದರೆ, ಶತ್ರುವಿನ ಮೇಲೆ ಬೀಳಬೇಕಾದ ಶೆಲ್ ತನ್ನ ಹುಡುಗರ ತಲೆ ಮೇಲೆಯೇ ಬೀಳಬಹುದು. ಆ ಭಯ ಓದುವವರಿಗೂ ಹತ್ತಲಿ. ಆಮೇಲೆ ಅಕೆಲ್‌ನನ್ನು ಓಡಿಸಿ.

ಅವನು ಇನ್ನೊಂದು ಸೆಟ್ ಎತ್ತಿಕೊಂಡು ಹೊರಟ. ಸುಮಾರು 10 ಕಿಲೋ ಭಾರ. ಜೊತೆಗೆ ಓವೆನ್ ಗನ್, ಗುಂಡು ತುಂಬುವ ಮ್ಯಾಗಜೀನ್ ಕೆಳಗೆ ನೇತಾಡದೆ ಮೇಲೆ ನೆಟ್ಟಗೆ ನಿಲ್ಲುವ ಬಂದೂಕು. ದಾರಿಯಲ್ಲಿ ಎದುರಾದ ಇಬ್ಬರನ್ನು ಹೊಡೆದು ಪ್ಲಟೂನ್ ತಲುಪಿದ. ಇಷ್ಟು ಹೇಳಿದರೆ ಯಾವ ಗಂಡುಗಲಿಯೂ ಬೇಡ.

ಅಂದ ಹಾಗೆ, ನೀವು ಸುಳ್ಯದವರು ಅಂತ ಬರೆದಿದ್ದೀರಿ. ರಬ್ಬರ್ ತೋಟದಲ್ಲಿ ಸಾಲಿನ ನೇರಕ್ಕೆ ನಿಂತರೆ ಎಷ್ಟು ದೂರ ಕಾಣುತ್ತದೆ, ಸ್ವಲ್ಪ ಓರೆಯಾದರೆ ಹೇಗೆ ಬರೀ ಕಾಂಡಗಳೇ ಅಡ್ಡ ಬರುತ್ತವೆ ಅಂತ ನನಗಿಂತ ನಿಮಗೆ ಚೆನ್ನಾಗಿ ಗೊತ್ತು. ಅದನ್ನು ಬಿಟ್ಟು 'ದಟ್ಟ ಕಾನನ' ಅಂತ ಯಾಕೆ ಬರೆದಿರಿ?

ಒಂದು ತಪ್ಪು ತಿದ್ದಿ. ಆಗ ಅವನಿಗೆ ಸಿಕ್ಕಿದ್ದು 'ಶೌರ್ಯ ಪದಕ' ಅಲ್ಲ. ಯುದ್ಧದ ವರದಿಯಲ್ಲಿ ಹೆಸರು ಹಾಕುವ ಗೌರವ ಅದು, ಗುರುತಾಗಿ ರಿಬ್ಬನ್ ಮೇಲೆ ಓಕ್ ಎಲೆಯ ಪುಟ್ಟ ಬಿಲ್ಲೆ.

ಕೊನೆಯ ಪ್ಯಾರಾದಲ್ಲಿ ಗೆಲುವಿನ ಕಹಳೆ ಊದಿದ್ದೀರಿ. ಆ ದಿನದ ಕಾಳಗ 18 ಆಸ್ಟ್ರೇಲಿಯನ್ನರನ್ನು ಬಲಿ ತೆಗೆದುಕೊಂಡಿತು. ಅವರಲ್ಲಿ 11ನೇ ಪ್ಲಟೂನಿನ ರೇಡಿಯೋ ಹೊತ್ತಿದ್ದ ವಿಕ್ ಗ್ರೈಸ್ ಕೂಡ ಒಬ್ಬ. ಅದೇ ಮಳೆ, ಅದೇ ಕೆಲಸ. ಅವನ ಹೆಸರು ನಿಮ್ಮ ಲೇಖನದಲ್ಲಿ ಎಲ್ಲೂ ಇಲ್ಲ. ಕಹಳೆ ತೆಗೆದು ಆ ಜಾಗ ಅವನಿಗೆ ಕೊಡಿ.

ತಿದ್ದಿ ಮೂರು ಪುಟದೊಳಗೆ ಕಳಿಸಿ. 'ಅಕೆಲ್' ಅಂತ ಒಂದು ಕಡೆ, 'ಏಕಲ್' ಅಂತ ಇನ್ನೊಂದು ಕಡೆ ಇದೆ, ಒಂದೇ ಥರ ಬರೆಯಿರಿ.