ಕೀಬೋರ್ಡ್ ನೋಡಿದರೂ ರೆಪ್ಪೆ ಬಡಿದ ಲೆಕ್ಕ!

ಕೀಬೋರ್ಡ್ ಕಡೆ ಕಣ್ಣು ಹಾಯಿಸಿದರೂ ರೆಪ್ಪೆ ಬಡಿತ ಎಣಿಸುವ ನಿಮ್ಮ ವೆಬ್‌ಕ್ಯಾಮ್ ಪ್ರೋಗ್ರಾಂ ಒಂದು ಬಡಿತ ಅಂತ ಲೆಕ್ಕ ಹಾಕುತ್ತೆ, ರಾತ್ರಿ ಹೊತ್ತು ಲೆಕ್ಕವೇ ತಪ್ಪುತ್ತೆ ಅಂದಿದ್ದೀರಿ. ನಾನೂ ಇದೇ ಗುಂಡಿಗೆ ಬಿದ್ದು ಎದ್ದವನು.

ನೀವು ಬಳಸಿರುವುದು ಒಂದೊಂದು ಕಣ್ಣಿನ ಸುತ್ತ ಆರು ಬಿಂದು ಗುರುತಿಸಿ, ಎತ್ತರವನ್ನು ಅಗಲದಿಂದ ಭಾಗಿಸುವ ಇಎಆರ್ (ಐ ಆಸ್ಪೆಕ್ಟ್ ರೇಶಿಯೋ) ವಿಧಾನ ತಾನೆ? ಕೆಳಗೆ ನೋಡಿದಾಗ ಮೇಲಿನ ರೆಪ್ಪೆಯೂ ಜೊತೆಗೇ ಇಳಿಯುತ್ತದೆ; ಕ್ಯಾಮೆರಾ ಪಾಲಿಗೆ ಅದು ಮುಚ್ಚಿದ ಕಣ್ಣೇ. ಹಾಗಾಗಿ ಇಎಆರ್ 0.2ಕ್ಕಿಂತ ಇಳಿದರೆ ಬಡಿತ ಅಂತ ಒಂದು ಗಡಿ ಇಟ್ಟರೆ ಸಾಲದು, ಸಮಯವನ್ನೂ ನೋಡಿ. ರೆಪ್ಪೆ ಬಡಿತ ಸಾಮಾನ್ಯವಾಗಿ 0.1ರಿಂದ 0.4 ಸೆಕೆಂಡಿನಲ್ಲಿ ಮುಗಿಯುತ್ತೆ. ಅದಕ್ಕಿಂತ ತುಂಬಾ ಹೊತ್ತು ಇಳಿದೇ ಇದ್ದರೆ ಲೆಕ್ಕದಿಂದ ಬಿಡಿ. ಫ್ರೇಮ್ ಎಣಿಸಬೇಡಿ, ಗಡಿಯಾರ ನೋಡಿ: ಬೆಳಕು ಕಮ್ಮಿಯಾದರೆ ಎಷ್ಟೋ ವೆಬ್‌ಕ್ಯಾಮ್‌ಗಳು ಸೆಕೆಂಡಿಗೆ 30 ಫ್ರೇಮಿನಿಂದ (ಚಿತ್ರದಿಂದ) 15ಕ್ಕೆ ತಾವೇ ಇಳಿದುಬಿಡುತ್ತವೆ. ನಿಮ್ಮ ರಾತ್ರಿ ಗೋಳಿಗೆ ಬಹುಶಃ ಇದೇ ಕಾರಣ. ಒಂದು ಟೇಬಲ್ ಲ್ಯಾಂಪ್ ಹಚ್ಚಿ ನೋಡಿ.

ಗಡಿಯನ್ನೂ ಆಯಾ ಮುಖಕ್ಕೆ ಅಳೆದುಕೊಳ್ಳಬೇಕು. ನನ್ನ ತಂಗಿ ಕೂತರೆ ನನ್ನ ಪ್ರೋಗ್ರಾಂ ಅವಳು ನಿದ್ದೆ ಹೋಗಿದ್ದಾಳೆ ಅಂತಿತ್ತು, ಬೈಸಿಕೊಂಡಿದ್ದು ನಾನು!

ಇನ್ನು, ಕಣ್ಣು ಒಣಗುತ್ತಿದೆಯೇ ಅಂತ ತಿಳಿಯೋಕೆ ಎಣಿಕೆಯೊಂದನ್ನೇ ನಂಬಬೇಡಿ. ಮಾಮೂಲಿಯಾಗಿ ನಿಮಿಷಕ್ಕೆ 15-20 ಸಲ ಬಡಿಯುವ ರೆಪ್ಪೆ ಸ್ಕ್ರೀನ್ ಮುಂದೆ ಅರ್ಧಕ್ಕಿಂತ ಕೆಳಗೂ ಇಳಿಯಬಹುದು ಅನ್ನೋದು ನಿಜ. ಆದರೆ ಅರೆಬರೆ ಬಡಿತದಲ್ಲಿ ರೆಪ್ಪೆ ಕೆಳಗಿನ ತನಕ ಬರೋದೇ ಇಲ್ಲ, ಕಣ್ಣೀರು ಕೆಳಭಾಗಕ್ಕೆ ಹರಡುವುದಿಲ್ಲ. ಪ್ರತಿ ಬಡಿತದಲ್ಲೂ ಇಎಆರ್ ಎಷ್ಟು ಕೆಳಗಿಳಿಯಿತು ಅಂತ ಬರೆದಿಟ್ಟುಕೊಳ್ಳಿ, ಅರ್ಧದಲ್ಲೇ ವಾಪಸ್ ಬಂದಿದ್ದೆಷ್ಟು ಗೊತ್ತಾಗುತ್ತೆ.